ಬೆಳ್ಳಿಯ ಸುಣ್ಣದ ಡಬ್ಬಿ

ಜನವರಿ 19, ಭಾನುವಾರ

ಅಟ್ಟದ ಮನೆಗೆಂದು ತೋಟದ ಮೂಲೆಯಲ್ಲಿ ತೋಡಿಸುತ್ತಿದ್ದ ಗುಂಡಿಗಳ ಕೆಲಸ ಇವತ್ತು ಮೂರನೆಯ ಕಂಬಕ್ಕೇ ನಿಂತುಹೋಯಿತು. ನಿಲ್ಲಿಸಿದ್ದು ಮಳೆಯಲ್ಲ, ಸಿಮೆಂಟಿನ ಅಂಗಡಿಯವನೂ ಅಲ್ಲ. ಒಂದು ಮುಷ್ಟಿಗೂ ಸಾಲದ ಲೋಹದ ಗಂಟು.

ಹಾರೆಗೆ ಠಣ್ ಎಂದು ತಗುಲಿತಂತೆ. ನಾನು ಹೋಗುವಷ್ಟರಲ್ಲಿ ಆಳುಗಳೆಲ್ಲ ಗುಂಡಿಯಿಂದ ಮೇಲೆ ಬಂದು ತೆಂಗಿನ ಮರದ ಬುಡದಲ್ಲಿ ಸಾಲಾಗಿ ಕುಳಿತಿದ್ದರು. ಕಿಬ್ಬನಹಳ್ಳಿಯ ಮೇಸ್ತ್ರಿ ರುದ್ರೇಶ್ ಅದನ್ನು ಸನಿಕೆಯ ತುದಿಯಿಂದ ತೋರಿಸಿದ, ಕೈಯಲ್ಲಿ ಮುಟ್ಟಲಿಲ್ಲ.

"ಮೇಡಮ್ಮೋರೆ, ಇದು ಮಾಟದ ಸಾಮಾನು ಕಣ್ರೀ. ನಿಮಗಾಗ್ದೋರು ಯಾರೋ ಹೂತವ್ರೆ. ಇದು ಏನು ಎತ್ತ ಅಂತ ಗೊತ್ತಾಗೋಗಂಟ ನಮ್ಮೋರು ಹಾರೆ ಮುಟ್ಟಕಿಲ್ಲ."

"ಮಾಟ ಆಗಿದ್ರೆ ಇಷ್ಟೊತ್ತಿಗೆ ನಿನ್ನ ಸನಿಕೆ ಕರಗೋಗ್ಬೇಕಿತ್ತು" ಎಂದು ನಾನೇ ಬಗ್ಗಿ ಎತ್ತಿಕೊಂಡೆ. ಶೆಟ್ಟಿಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವಳು ನಾನು. ಹಸಿರುಗಟ್ಟಿದ್ದರೆ ತಾಮ್ರ, ಕಪ್ಪಾಗಿದ್ದರೆ ಬೆಳ್ಳಿ. ಇದರಲ್ಲಿ ಎರಡೂ ಇತ್ತು, ಅಂದರೆ ತಾಮ್ರ ಬೆರೆಸಿದ ಬೆಳ್ಳಿ. ಅಷ್ಟನ್ನು ನಿಂತ ನಿಲುವಿನಲ್ಲೇ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬುತ್ತಿ ಎತ್ತಿಕೊಂಡು ಮನೆಗೆ ಹೋದರು.

ಇವರೆಲ್ಲ ಹೀಗೆ ಕೈಕಟ್ಟಿ ಕುಳಿತರೆ ನನ್ನ ಕೆಲಸ ಆಗಬೇಡವೇ? ಕೊಬ್ಬರಿಯಾಗಬೇಕಾದರೆ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಇರಬೇಕು. ಮನೆಯ ಅಟ್ಟದ ತೊಲೆಗಳಿಗೆ ಗೆದ್ದಲು ಹಿಡಿದಿದೆ. ದೀಪಾವಳಿಯಲ್ಲಿ ಯಜಮಾನರಿಗೆ ಲಕ್ವ ಹೊಡೆದ ಮೇಲೆ ತೋಟ, ಆಳು, ಅಟ್ಟ ಎಲ್ಲ ನನ್ನ ತಲೆಯ ಮೇಲೆ ಬಿದ್ದಿದೆ. ಬೀಳಲಿ, ಹೊರುತ್ತೇನೆ. ಆ ಮೂಲೆಯನ್ನು ಆರಿಸಿದ್ದೂ ನಾನೇ. ನಲವತ್ತು ವರ್ಷ ಈ ಮನುಷ್ಯ ಅಲ್ಲಿ ಒಂದು ಸಸಿ ನೆಡಲಿಲ್ಲ, ನೇಗಿಲು ಹೊಡೆಸಲಿಲ್ಲ. ಸಂಜೆ ಹೊತ್ತು ಹೋಗಿ ಸುಮ್ಮನೆ ಕೂತು ಬರುತ್ತಿದ್ದರು. ಇದಕ್ಕೆ ಸೋಮಾರಿತನ ಎನ್ನದೆ ಬೇರೇನು ಹೆಸರು?

ಸಂಜೆ ಆ ವಸ್ತುವನ್ನು ತಂದು ಅವರಿಗೂ ತೋರಿಸಿದೆ. ಕಾಯಿಲೆ ಬಿದ್ದಾಗಿನಿಂದ ಅವರ ಬಾಯಲ್ಲಿ ಉಳಿದಿರುವುದು "ಆಯ್ತು" ಎನ್ನುವ ಒಂದೇ ಮಾತು. ನೀರು ಬೇಕಾದರೂ ಆಯ್ತು, ಫ್ಯಾನು ಬೇಡವಾದರೂ ಆಯ್ತು. ಇವತ್ತು ಅದನ್ನೂ ಅನ್ನಲಿಲ್ಲ. ಸ್ವಾಧೀನವಿರುವ ಎಡಗೈಯಲ್ಲಿ ಇಟ್ಟಿದ್ದೇ ತಡ, ಬೆರಳು ಮಡಚಿಕೊಂಡವರು ಬಿಡಲೇ ಇಲ್ಲ. ಅಂಥ ರೋಗಿಗಳಿಗೆ ಬೆರಳು ಬಿಗಿಯುತ್ತದೆ ಎಂದು ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದಳು. ಒಂದೊಂದೇ ಬೆರಳು ಬಿಡಿಸಿ ಕಿತ್ತುಕೊಂಡೆ.

ಜನವರಿ 20, ಸೋಮವಾರ

ಹುಣಸೆ ಹಣ್ಣು ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೆಳಿಗ್ಗೆಯೆಲ್ಲ ಉಜ್ಜಿದೆ. ಚಪ್ಪಟೆ ಮಾಡಿದ ನಿಂಬೆಹಣ್ಣಿನ ಆಕಾರ. ಮಧ್ಯೆ ಒಂದು ಗೀರು, ಅಂದರೆ ಮುಚ್ಚಳ. ಒಂದು ಬದಿಗೆ ತಿರುಗಣಿ, ತಲೆಯ ಮೇಲೆ ಮುರಿದ ಕೊಂಡಿ. ಮುಚ್ಚಳ ಕಚ್ಚಿಕೊಂಡಿದೆ, ತೆಗೆಯಲು ಬರುವುದಿಲ್ಲ. ಅಲ್ಲಾಡಿಸಿದರೆ ಒಳಗೆ ಏನೋ ಗಟ್ಟಿಯಾದದ್ದು ಉರುಳುತ್ತದೆ.

ತುರುವೇಕೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನನ್ನ ಮಗಳು ಜೀವಿತಾ, "ಫೋಟೋ ಕಳ್ಸಮ್ಮಾ, ಫೋನನ್ನೇ ಕೇಳಣ" ಎಂದಳು. ಕಳಿಸಿದೆ. ಅವಳ ಫೋನು ಅದನ್ನು ಒಣಗಿದ ಬೇಲದ ಹಣ್ಣು ಎಂದಿತಂತೆ. ಆ ಫೋನನ್ನು ಒಂದು ವರ್ಷ ನನ್ನ ಕ್ಲಾಸಿನಲ್ಲಿ ಕೂರಿಸು ಎಂದೆ.

ಊಟಕ್ಕೆ ಕುಳಿತಾಗ ಹೊಳೆಯಿತು. ಹೊಳೆದ ರಭಸಕ್ಕೆ ತುತ್ತು ನೆತ್ತಿಗೇರಿತು. ಇದು ನಮ್ಮ ಅತ್ತೆ ಚಿಕ್ಕಗೌರಮ್ಮನವರ ಸುಣ್ಣದ ಡಬ್ಬಿ! ಎಲೆಗೆ ಹಚ್ಚುವ ಸುಣ್ಣ ಇಟ್ಟುಕೊಳ್ಳಲು ಅವರ ತಾಯಿ ಕೊಟ್ಟಿದ್ದ ಬೆಳ್ಳಿಯ ಡಬ್ಬಿ. ಸರಪಳಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ನಾನು ಈ ಮನೆ ತುಂಬಿದ ಮರುವರ್ಷ, ಎಂಬತ್ತನಾಲ್ಕರಲ್ಲಿ, ಅದು ಕಾಣೆಯಾಯಿತು. ನನ್ನ ತಾಯಿ ಬಂದು ನಾಲ್ಕು ದಿನ ಇದ್ದು ಹೋಗಿದ್ದಳು. ನಾದಿನಿ ಮೀನಾ ಆಗಿನ್ನೂ ಲಂಗದ ಹುಡುಗಿ. "ಅತ್ತಿಗೆ ಅವರವ್ವನ ಕೈಲಿ ಕೊಟ್ಟು ಕಳ್ಸವ್ರೆ" ಎಂದು ಊರೆಲ್ಲ ಸಾರಿದಳು. ಅತ್ತೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕೊನೆಯವರೆಗೂ ತಗಡಿನ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿಕೊಂಡರು, ನನ್ನ ಕಣ್ಣೆದುರಿಗೇ. ಮೀನಾ ಇವತ್ತಿಗೂ ಹಬ್ಬಕ್ಕೆ ಬಂದರೆ, "ಬೆಳ್ಳಿ ಸಾಮಾನು ಎಣಿಸ್ಕಳ್ರಪ್ಪಾ" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ನಲವತ್ತು ವರ್ಷ ನಕ್ಕು ದವಡೆ ಸೋತಿದೆ.

ನನಗೆ ಕದಿಯುವ ಪುರುಸೊತ್ತಾದರೂ ಎಲ್ಲಿತ್ತು? ತವರಿಗೆ ಕರೆದೊಯ್ಯುವ ಮೊದಲೇ, ಎಂಟನೇ ತಿಂಗಳಿಗೇ ನೋವು ಬಂದು ಈ ಮನೆಯಲ್ಲೇ ಹೆರಿಗೆಯಾಗಿತ್ತು. ಹೆಣ್ಣು. ಮೂರನೇ ದಿನ ಹೋಯಿತು. ಜ್ವರ ಬಿಟ್ಟು ನಾನು ಕೋಣೆಯಿಂದ ಹೊರಗೆ ಬಂದದ್ದೇ ಒಂದು ತಿಂಗಳ ಮೇಲೆ. ಡಬ್ಬಿ ಹೋದದ್ದು ಅದೇ ವಾರ. ಎದ್ದು ಕೂರಲಾರದವಳು ಕದ್ದದ್ದು ಹೇಗೆ ಎಂದು ಯಾರಾದರೂ ಕೇಳಬಹುದಿತ್ತು, ಕೇಳಲಿಲ್ಲ.

ಈಗ ಯಾರೂ ಕೇಳಬೇಕಾಗಿಲ್ಲ. ಅತ್ತೆಯವರೇ ತೋಟಕ್ಕೆ ಹೋದಾಗ ಸೊಂಟದಿಂದ ಜಾರಿಸಿಕೊಂಡಿದ್ದಾರೆ. ಇದನ್ನು ಮೀನಾಳ ಮುಂದೆ ಇಟ್ಟು, ಅವಳ ಬಾಯಿಂದಲೇ "ತಪ್ಪಾಯ್ತು ಅತ್ತಿಗೆ" ಎನ್ನಿಸದಿದ್ದರೆ ನನ್ನ ಹೆಸರು ಶಾಂತಕುಮಾರಿಯೇ ಅಲ್ಲ.

ಜನವರಿ 22, ಬುಧವಾರ

ಪರೀಕ್ಷೆ ಮಾಡದೆ ತೀರ್ಪು ಕೊಡುವವಳಲ್ಲ ನಾನು. ಮುಚ್ಚಳದ ಗೀರಿನಲ್ಲಿ ಬೆಳ್ಳಗೆ ಕಟ್ಟಿಕೊಂಡಿದ್ದ ಪುಡಿಯನ್ನು ಸೂಜಿಯಿಂದ ಕೆರೆದು ನಿಂಬೆರಸ ಬಿಟ್ಟೆ. ಬುಸ್ಸೆಂದು ನೊರೆ ಬಂತು. ಸುಣ್ಣ! ಒಳಗೆ ಉರುಳುವುದೂ ಕಲ್ಲಾದ ಸುಣ್ಣದ ಉಂಡೆಯೇ, ಅನುಮಾನವಿಲ್ಲ.

ರುದ್ರೇಶ್‌ನನ್ನು ಕರೆಸಿ ನೊರೆ ತೋರಿಸಿದೆ. ಅವನು ತಲೆ ಕೆರೆದುಕೊಂಡ.

"ಸುಣ್ಣದ ಡಬ್ಬಿ ಅಂತ ಒಪ್ಕೊಂಡೆ ಬುಡಿ ಮೇಡಮ್ಮೋರೆ. ಆದ್ರೆ ಸೊಂಟದಿಂದ ಬಿದ್ದಿದ್ದು ಮೇಲ್ಮೇಲೇ ಇರ್ಬೇಕಲ್ಲ? ಮೂರಡಿ ಕೆಳೀಕ್ಕೆ ಹೆಂಗೋಯ್ತು?"

"ಹೆಗ್ಗಣ ಎಳ್ಕೊಂಡು ಹೋಗಿರುತ್ತೆ."

"ಹೆಗ್ಗಣ ಎಲೆ ಅಡಿಕೆ ಹಾಕ್ಕಂತದಾ?"

ಆಳುಗಳೆಲ್ಲ ನಕ್ಕರು. ನಾನೂ ನಕ್ಕೆ. ಮಾಟದ ಭಯ ಬಿಟ್ಟಿತಲ್ಲ, ಅದು ಮುಖ್ಯ. ಆದರೂ ಡಬ್ಬಿ ತೆಗೆದು ಒಳಗೇನಿದೆ ಎಂದು ಕಣ್ಣಾರೆ ನೋಡುವವರೆಗೆ ಆ ಗುಂಡಿಗೆ ಇಳಿಯುವುದಿಲ್ಲವಂತೆ. ಬೇರೆ ಕಡೆಯ ಕೆಲಸ ಮುಗಿಸಿ ಬರುತ್ತೇವೆ ಎಂದು ಹೋದರು.

ಜನವರಿ 26, ಭಾನುವಾರ

ಇವರು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಚಮಚ ಹತ್ತಿರ ತಂದರೆ ಮುಖ ತಿರುಗಿಸುತ್ತಾರೆ. ಅಟ್ಟದ ಮಾತೆತ್ತಿದರೆ ಕಣ್ಣಲ್ಲಿ ನೀರು. ಖರ್ಚಿಗೆ ಹೆದರಿದ್ದಾರೆ ಎಂದು ಕಾಣುತ್ತದೆ, ಮೊದಲಿನಿಂದಲೂ ಜುಗ್ಗ. ಗದರಿಸಿ ಎರಡು ತುತ್ತು ತಿನ್ನಿಸಿದೆ. ಲಿಂಗಪೂಜೆ ನಿಂತು ಮೂರು ತಿಂಗಳಾಯಿತು ಎನ್ನುವ ಬೇಜಾರೂ ಇರಬಹುದು. ಬಲಗೈ ಏಳದೆ ಪೂಜೆ ಹೇಗೆ ಮಾಡುತ್ತಾರೆ? ನನಗೆ ಕೂರುವ ಹೊತ್ತಿಲ್ಲ.

ಜನವರಿ 30, ಗುರುವಾರ

ನೊಣವಿನಕೆರೆಗೆ ಫೋನು ಮಾಡಿದೆ. ಮೀನಾಳೇ ಎತ್ತಿದಳು.

"ನಿಮ್ಮವ್ವನ ಸುಣ್ಣದ ಡಬ್ಬಿ ಸಿಕ್ತು ಕಣೇ. ನಿಮ್ಮ ತೋಟದಲ್ಲೇ. ನಮ್ಮ ತವರಲ್ಲಲ್ಲ."

ಆ ಕಡೆ ಓಡುತ್ತಿದ್ದ ಟೀವಿಯನ್ನು ಆರಿಸಿದ ಸದ್ದು ಕೇಳಿಸಿತು. ಆ ಸದ್ದಿನ ರುಚಿಯನ್ನು ನಾನು ಯಾವ ಹೋಳಿಗೆಗೂ ಬಿಟ್ಟುಕೊಡುವುದಿಲ್ಲ.

"ಅದೇ ಅಂತ ಏನು ಗ್ಯಾರಂಟಿ ಅತ್ತಿಗೆ? ಮಣ್ಣಲ್ಲಿ ಸಿಕ್ಕಿದ್ದೆಲ್ಲಾ ನಮ್ಮವ್ವಂದಾ?"

"ಬಂದು ನೋಡು. ಹೊಳಪು ಕೊಡ್ಸಿ ಇಟ್ಟಿರ್ತೀನಿ."

ಗಂಡನ ಕಣ್ಣಿನ ಆಪರೇಷನ್ ಇದೆಯಂತೆ, ಹದಿಮೂರಕ್ಕೆ ಬರುತ್ತಾಳಂತೆ. ಬರಲಿ. ಏನು ಹೇಳಬೇಕು, ಯಾವುದಾದ ಮೇಲೆ ಯಾವುದು ಹೇಳಬೇಕು ಎಲ್ಲ ತಯಾರಿದೆ. ಪಾತ್ರೆ ತೊಳೆಯುತ್ತಾ ಎರಡು ಸಲ ಜೋರಾಗಿ ಹೇಳಿಯೂ ನೋಡಿದೆ.

ಫೆಬ್ರವರಿ 3, ಸೋಮವಾರ

ತಿಪಟೂರಿಗೆ ಹೋಗಿದ್ದೆ. ಮೊದಲಿನಿಂದ ನಮ್ಮ ಮನೆಯ ಚಿನ್ನ ಬೆಳ್ಳಿ ಮಾಡುವ ಪುಟ್ಟಸ್ವಾಮಾಚಾರ್ ಅಂಗಡಿಗೆ.

ಅವರು ಭೂತಗಾಜು ಹಿಡಿದು ತಿರುಗಿಸಿ ನೋಡಿ, "ಸುಣ್ಣದ ಡಬ್ಬಿನೇ ಕಣಮ್ಮ. ಹಳೇ ಕೆಲಸ, ಈಗ ಇಂಥಾ ತಿರುಗಣಿ ಯಾರೂ ಮಾಡಲ್ಲ" ಎಂದರು. ನಾನು ಹೇಳಲಿಲ್ಲವೇ ಎನ್ನುವ ಹಾಗೆ ಅಂಗಡಿಯಲ್ಲಿದ್ದವರನ್ನೆಲ್ಲ ನೋಡಿದೆ. ಅವರಿಗೇನು ಗೊತ್ತು ಪಾಪ.

ಎಣ್ಣೆ ಬಿಟ್ಟು, ಸ್ವಲ್ಪ ಕಾಯಿಸಿ, ಚೂರಿಯ ತುದಿಯಿಂದ ಗೀರಿನುದ್ದಕ್ಕೂ ಬಿಡಿಸಿದರು. ಮುಚ್ಚಳ ಎದ್ದಿತು. ಒಳಗೆ ಸುಣ್ಣ ಇರಲಿಲ್ಲ. "ಒಳ್ಗೆ ಚೆನ್ನಾಗಿ ತೊಳ್ದವ್ರೆ. ತಿರುಗಣಿ ಸಂದೀಲಿ ಮಾತ್ರ ಉಳ್ಕೊಂಡದೆ" ಎಂದರು ಆಚಾರ್. ಬಟ್ಟೆಯೋ ಏನೋ, ಬೂದಿಯಾಗಿತ್ತು. ಅದರ ಮಧ್ಯೆ ಅಡಿಕೆಗಿಂತ ಸಣ್ಣದು, ಕಪ್ಪಗೆ ನುಣ್ಣಗೆ. ಆಚಾರ್ ಚೂರಿ ಕೆಳಗಿಟ್ಟು ಕೈಮುಗಿದರು.

"ಅಮ್ಮಾ, ಇದು ಇಷ್ಟಲಿಂಗ. ಮಕ್ಕಳಿಗೆ ಕಟ್ಟೋದು."

ನಾನು ಅಂಗೈ ಚಾಚಿದೆ. ಅದನ್ನು ಅಂಗೈಯಲ್ಲಿ ಇಟ್ಟರು. ಎಂಟನೇ ತಿಂಗಳಲ್ಲಿ ಮಠದ ಅಯ್ಯನವರು ಬಂದು ಹೊಟ್ಟೆಯೊಳಗಿನ ಮಗುವಿನ ಹೆಸರಿನಲ್ಲಿ ನನಗೆ ಕಟ್ಟಿ ಹೋದ ಲಿಂಗ. ಹೆರಿಗೆಯಾಗುವ ತನಕ ಹೊಟ್ಟೆಗೆ ತಾಗಿಯೇ ಇತ್ತು. ಆಮೇಲೆ ಅವಳ ಕೊರಳಿಗೆ ಹಾಕಿದರು, ಮೂರನೇ ದಿನ ಅವಳ ಜೊತೆಗೇ ಕಳಿಸಿದರು. ಎಲ್ಲಿಗೆ ಎಂದು ನನಗೆ ಹೇಳಲಿಲ್ಲ. ಭಾರದಿಂದಲೇ ನನ್ನ ಕೈಗೆ ಗೊತ್ತಾಯಿತು.

ಹೆಗ್ಗಣವಲ್ಲ. ಮೂರಡಿ ಗುಂಡಿ ತೋಡಿ ಇಟ್ಟದ್ದು.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಿದ.

ಫೆಬ್ರವರಿ 4, ಮಂಗಳವಾರ

ಹಾಲು ಉಕ್ಕಿಹೋಯಿತು. ಬೇರೇನೂ ಬರೆಯಲಾರೆ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಯಜಮಾನರ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತೆ. ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟೆ.

"ಇದನ್ನ ಅಲ್ಲಿ ಇಟ್ಟಿದ್ದು ನೀವೇನಾ?"

ತಲೆಯಾಡಿಸಿದರು.

"ಡಬ್ಬಿ ಅತ್ತೆ ಕೊಟ್ಟಿದ್ದಾ?"

ಅದಕ್ಕೂ ತಲೆಯಾಡಿಸಿದರು.

"ನಂಗ್ಯಾಕೆ ಹೇಳ್ಲಿಲ್ಲ ಮತ್ತೆ? ನಲವತ್ತು ವರ್ಷ ಬಾಯಿತ್ತಲ್ಲ ನಿಮಗೆ!"

"ಆಯ್ತು" ಎಂದರು. "ಆಯ್ತು, ಆಯ್ತು" ಎನ್ನುತ್ತಲೇ ಅತ್ತರು. ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಅವರ ಮೇಲೆ, ಅತ್ತೆಯ ಮೇಲೆ, ಬಾಣಂತಿಗೆ ಆ ಜಾಗ ತೋರಿಸಿದರೆ ಮುಂದಿನ ಕೂಸು ನಿಲ್ಲುವುದಿಲ್ಲ ಎಂದು ನನ್ನ ಬಾಯಿ ಮುಚ್ಚಿಸಿದ ಅಷ್ಟೂ ಹೆಂಗಸರ ಮೇಲೆ. ಜೀವಿತಾ ಹುಟ್ಟಿದ ಮೇಲೆ ನಾನೂ ಕೇಳುವುದನ್ನು ಬಿಟ್ಟಿದ್ದೆ. ಇವರು ಮಾತ್ರ ಆ ಮೂಲೆಗೆ ನೇಗಿಲು ತಾಗಿಸಲಿಲ್ಲ. ಸಂಜೆ ಹೋಗಿ ಕೂತು ಬರುವುದನ್ನು ಬಿಡಲಿಲ್ಲ. ಹೋದ ತಿಂಗಳು ಅದನ್ನು ಸೋಮಾರಿತನ ಎಂದು ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

ಅತ್ತೆಯ ವಿಷಯ ಯೋಚಿಸಿದೆ. ಮೂರು ದಿನದ ಕೂಸಿಗೆ ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಯಾರು ಮಾಡಿಸಿಟ್ಟಿರುತ್ತಾರೆ? ಬರೀ ಬಟ್ಟೆಯಲ್ಲಿ ಲಿಂಗ ಕಟ್ಟಿ ಮಣ್ಣಿಗಿಡಲು ಅವರಿಗೆ ಮನಸ್ಸು ಬಂದಿಲ್ಲ. ಸೊಂಟದಿಂದ ಡಬ್ಬಿ ಬಿಚ್ಚಿ, ಸುಣ್ಣ ತೊಳೆದು, ಅದರಲ್ಲಿ ಇಟ್ಟು ಕೊಟ್ಟಿದ್ದಾರೆ. ತಾಯಿ ಕೊಟ್ಟದ್ದನ್ನು ಮೊಮ್ಮಗಳಿಗೆ ಕೊಟ್ಟಿದ್ದಾರೆ. ಆಮೇಲೆ ಎಲ್ಲಿ ಹೋಯಿತು ಎಂದು ಜನ ಕೇಳಿದಾಗ, ಡಬ್ಬಿಯ ಜಾಗ ಹೇಳಿದರೆ ಮಗುವಿನ ಜಾಗವನ್ನೂ ಹೇಳಿದಂತೆ. ಸುಮ್ಮನಾದರು. ಆ ಸುಮ್ಮನಿದ್ದದ್ದು ನನ್ನ ತಲೆಗೆ ಬಂತು. ತಪ್ಪೇ ಅದು. ಎದುರಿಗಿದ್ದಿದ್ದರೆ ಜಗಳವಾಡುತ್ತಿದ್ದೆ. ಜಗಳವಾಡಿ, ಆಮೇಲೆ ಅವರ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದೆ. ಈಗ ಎರಡೂ ಆಗುವಂತಿಲ್ಲ. ಅವರ ಫೋಟೋ ಇಳಿಸಿ ಒರೆಸಿದೆ, ತುಂಬಾ ಧೂಳು ಕೂತಿತ್ತು.

ಫೆಬ್ರವರಿ 9, ಭಾನುವಾರ

ನಸುಕಿಗೇ ಇಬ್ಬರ ಸ್ನಾನವೂ ಆಯಿತು. ಲಿಂಗಪೂಜೆಗೆ ಎಡ ಅಂಗೈಯೇ ಪೀಠ, ಪೂಜೆ ಮಾಡುವುದು ಬಲಗೈ. ನಮ್ಮ ಮನೆಯಲ್ಲಿ ಎಡಗೈ ಅವರದು, ಬಲಗೈ ನನ್ನದು. ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ! ಮೂರು ತಿಂಗಳು ಆ ಮನುಷ್ಯ ಬರಿಗೈಯಲ್ಲಿ ಕುಳಿತಿದ್ದರು. ಮಗುವಿನ ಲಿಂಗವನ್ನು ಅವರ ಅಂಗೈಯಲ್ಲಿಟ್ಟೆ. ನಾನು ನೀರೆರೆದೆ, ವಿಭೂತಿ ಹಚ್ಚಿದೆ, ಕಣಗಿಲೆ ಹೂವಿಟ್ಟೆ. ನಾನು ಸಾಕು ಎನ್ನುವವರೆಗೂ ಅವರು ಅಂಗೈಯನ್ನು ಎದೆಯ ಮಟ್ಟಕ್ಕೇ ಹಿಡಿದಿದ್ದರು.

ಒಂಬತ್ತಕ್ಕೆ ರುದ್ರೇಶ್ ಬಂದ. ಅವನಿಗೆ ವಿಷಯ ಹೇಳಿದೆ. ಟೋಪಿ ತೆಗೆದು ನಿಂತುಕೊಂಡ. ಇವರನ್ನು ಗಾಲಿಕುರ್ಚಿಯಲ್ಲಿ ಮೂಲೆಯವರೆಗೆ ತಳ್ಳಿಕೊಂಡು ಬಂದದ್ದು ಅವನೇ.

"ನಾನೇ ಇಳೀತೀನಿ, ನೀವು ಮೇಲಿರ್ರಮ್ಮಾ" ಎಂದ.

"ಬೇಡಪ್ಪ. ಅವತ್ತು ನನ್ನ ಬುಟ್ಟು ಬಂದಿದ್ರು. ಇವತ್ತು ನಾನೇ ಇಳೀಬೇಕು."

ಅಂಚು ಹಿಡಿದು ಇಳಿದು ಮಂಡಿಯೂರಿದೆ. ಎಂಟು ತಿಂಗಳಿಗೆ ಹುಟ್ಟಿದ ಕೂಸಿನ ಮೂಳೆ ಇಷ್ಟು ವರ್ಷ ಈ ಮಣ್ಣಿನಲ್ಲಿ ಉಳಿಯುವುದಿಲ್ಲ ಎಂದು ವಿಜ್ಞಾನ ಹೇಳಿದವಳಿಗೆ ಚೆನ್ನಾಗಿ ಗೊತ್ತು. ಆದರೂ ಮಣ್ಣನ್ನೆಲ್ಲ ಬೆರಳಿನಿಂದ ಸವರಿ ಸವರಿ ನೋಡಿದೆ. ಏನೂ ಇರಲಿಲ್ಲ. ತಂಪಾಗಿತ್ತು. ಹೊಸ ಬಿಳಿ ಬಟ್ಟೆಯಲ್ಲಿ ಲಿಂಗ ಸುತ್ತಿ, ಡಬ್ಬಿಯಲ್ಲಿಟ್ಟು, ಮುಚ್ಚಿ, ಇಟ್ಟೆ. ಮೊದಲ ಹಿಡಿ ಮಣ್ಣು ನಾನು ಹಾಕಿದೆ. ಮೇಲಿನಿಂದ ಇವರು ಎಡಗೈಯಲ್ಲಿ ಹಾಕಿದರು, ಅರ್ಧ ನನ್ನ ತಲೆಯ ಮೇಲೇ ಬಿತ್ತು. ಬೈಯಬೇಕೆಂದು ತಲೆಯೆತ್ತಿದವಳು ಬೈಯಲಿಲ್ಲ.

ಮೇಲೆ ಬಂದು ಕೂತು ಚೆನ್ನಾಗಿ ಅತ್ತೆ. ರುದ್ರೇಶ್ ದೂರ ಹೋಗಿ ನಿಂತಿದ್ದ. ಆಮೇಲೆ ಮೂಗು ಒರೆಸಿಕೊಂಡು ಅವನನ್ನು ಕರೆದೆ.

"ಮೂರು ಗುಂಡೀನೂ ಮುಚ್ಚು. ಅಟ್ಟ ಬಾವಿ ಕಡೆಗೆ ಏಳ್ಸು."

"ಅಲ್ಲಿ ಜಾಗ ಎಲ್ಲದೆ? ಎರಡು ಮರ ಹೋಯ್ತವೆ ಮೇಡಮ್ಮೋರೆ. ಒಳ್ಳೆ ಫಲದ ಮರ."

"ಹೋಗ್ಲಿ. ಕಡಿ."

ಫಲದ ಮರ ಕಡಿ ಎಂದು ಈ ಬಾಯಿ ಎಂದೂ ಹೇಳಿರಲಿಲ್ಲ. ಇವರತ್ತ ನೋಡಿದೆ. ಒಪ್ಪಿಗೆಯಾಗಿ ತಲೆಯಾಡಿಸಿದರು. ಮಧ್ಯಾಹ್ನ ಮುದ್ದೆ ಊಟ ಮಾಡಿದೆವು, ಇನ್ನೊಂದು ಅರ್ಧ ಮುದ್ದೆ ಬೇಕೆಂದು ತಟ್ಟೆ ತೋರಿಸಿದರು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಪೂಜೆ ಮುಗಿಸಿ ಏಳುವಷ್ಟರಲ್ಲಿ ಮೀನಾ ಬಂದಳು. ಅಣ್ಣನ ಕೆನ್ನೆ ಸವರಿ, "ಮುಖ ಗೆಲುವಾಗದೆ ಅತ್ತಿಗೆ, ಏನು ಔಷಧಿ ಕೊಡ್ತಿದೀರಿ?" ಎಂದಳು. ಏನೂ ಬದಲಾಯಿಸಿಲ್ಲ, ಅದೇ ಮಾತ್ರೆ ಎಂದೆ.

ಅವಳಿಗೆ ಹೇಳಲು ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧ ಮರೆತುಹೋಗಿದೆ, ಉಳಿದರ್ಧ ಆಡಲು ಮನಸ್ಸಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಅವಳೇ ಶುರುಮಾಡಿದಳು.

"ಎಲ್ಲಿ ಅತ್ತಿಗೆ ಡಬ್ಬಿ? ಫೋನಲ್ಲಿ ಅಷ್ಟೊಂದು ಜೋರು ಮಾಡಿದ್ರಿ. ನಮ್ಮವ್ವಂದೇ ಆಗಿದ್ರೆ ತಪ್ಪಾಯ್ತು ಅಂತ ಕಾಲಿಗೇ ಬೀಳ್ತೀನಿ. ಅಲ್ದೆ ಇದ್ರೆ ನಂಗೊಂದು ಸೀರೆ ಕೊಡ್ಸಿ."

"ನಿಮ್ಮವ್ವಂದೇ. ಇಲ್ಲಿಲ್ಲ ಅದು. ಇದ್ದ ಜಾಗದಲ್ಲೇ ಇಟ್ಟು ಬಂದೆ."

"ಅಯ್ಯೋ, ಬೆಳ್ಳಿ ಡಬ್ಬೀನ ತಿರ್ಗಾ ಮಣ್ಣಿಗೆ ಹಾಕುದ್ರಾ? ತಲೆ ಕೆಟ್ಟದಾ ನಿಮಗೆ? ನಮ್ಮವ್ವ ಅಷ್ಟು ದಿನ ಹುಡ್ಕಿದ್ದು!"

"ನಿಮ್ಮವ್ವ ಅದನ್ನ ಹುಡುಕ್ಲಿಲ್ಲ ಮೀನಾ, ಯೋಚ್ನೆ ಮಾಡಿ ನೋಡು. ಅವರು ಕಳ್ಕೊಂಡಿರ್ಲಿಲ್ಲ. ನನ್ನ ಮಗಳಿಗೆ ಕೊಟ್ಟಿದ್ರು."

ಮೀನಾ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಜೀವಿತಂಗಾ? ಅವ್ಳು ಹುಟ್ಟಕ್ಕೆ ಮುಂಚೇನೇ ಡಬ್ಬಿ ಹೋಗಿತ್ತಲ್ಲ ಅತ್ತಿಗೆ?"

"ಜೀವಿತಂಗಲ್ಲ ಕಣೇ" ಎಂದೆ. "ದೊಡ್ಡೋಳಿಗೆ."